ಧಾಬಳಿಯೊಳಗಿನ ಕಜ್ಜಿ

‘ನಾನು ಚಿಕ್ಕವಳಿದ್ದಾಗ ಯಾರಿಗೂ ಚರ್ಮದ ಕಾಯಿಲೆಯೇ ಇರಲಿಲ್ಲ. ಜೋಳದ ರೊಟ್ಟಿ ತಿಂದು, ಕಡಲೆಹಿಟ್ಟು ಹಚ್ಚಿ ಮಿಂದವರ ಮೈ ಹುಣಸೆಹಣ್ಣಿನಲ್ಲಿ ತಿಕ್ಕಿದ ತಾಮ್ರದ ಕೊಡದ ಹಾಗೆ ಹೊಳೆಯುತ್ತಿತ್ತು.’ ನನ್ನ ವಯಸ್ಸಿನವರು ಯಾರಾದರೂ ಹೀಗೆ ಶುರು ಮಾಡಿದರೆ, ಮಕ್ಕಳೇ, ಸುಮ್ಮನೆ ತಲೆ ಅಲ್ಲಾಡಿಸಬೇಡಿ. ‘ಯಾರಿಗೂ ಅಂದರೆ ಯಾರು ಯಾರಿಗೆ?’ ಎಂದು ಕೇಳಿ. ನಾನೂ ಅದೇ ಕಾಲದಲ್ಲಿ ಇದೇ ಮಾನವಿಯಲ್ಲಿ ಬೆಳೆದವಳು. ಬೇಸಿಗೆ ಬಂತೆಂದರೆ ಬೆನ್ನ ತುಂಬ ಬೆವರುಸಾಲೆ, ಮಾವಿನಹಣ್ಣಿನ ಕಾಲಕ್ಕೆ ತೊಡೆಯ ಮೇಲೆ ಕುರು, ಮಳೆಗಾಲಕ್ಕೆ ಕತ್ತಿನಲ್ಲಿ ಗಜಕರ್ಣ, ಚಳಿಗೆ ಒಡೆದು ರಕ್ತ ಬರುವ ಹಿಮ್ಮಡಿ. ಇಷ್ಟನ್ನೂ ನಾನು ಒಂದೇ ಓಣಿಯಲ್ಲಿ ನೋಡಿದ್ದೇನೆ. ಹಾಗೆ ಹೇಳುವವರು ಸುಳ್ಳುಗಾರರು ಅಂತ ಅಲ್ಲ. ಕೆಲವರು ಮರೆತಿದ್ದಾರೆ. ಉಳಿದವರು ಆಗಲೂ ಸೆರಗಿನಲ್ಲಿ ಮುಚ್ಚಿಟ್ಟಿದ್ದರು, ಈಗಲೂ ಮುಚ್ಚಿಡುತ್ತಿದ್ದಾರೆ.

ಇವತ್ತು ಇದನ್ನೆಲ್ಲ ಹೇಳುವುದಕ್ಕೆ ಕಾರಣ ನನ್ನ ಮುಂದಿರುವ ಒಂದು ಅರ್ಜಿ. ನಿಮ್ಮಲ್ಲಿ ಹಿರಿಯವಳು, ರಾಯಚೂರಿನ ಹಾಸ್ಟೆಲಿನಲ್ಲಿ ಓದುವವಳು, ದಸರಾ ರಜೆಗೆ ಬಂದಿದ್ದಾಳೆ. ದಸರಾ ಬಂದರೂ ನಮ್ಮ ಕಡೆ ಬಿಸಿಲು ಇಳಿದಿಲ್ಲ. ಇವಳು ಮಾತ್ರ ಬಂದಾಗಿನಿಂದ ಮಣಿಕಟ್ಟು ಮುಚ್ಚುವ ತುಂಬುತೋಳಿನ ಅಂಗಿ ಬಿಚ್ಚಿಲ್ಲ. ನಿನ್ನೆ ತಾನೇ ಅಂಗಿಯ ತೋಳು ಮೇಲೆ ಸರಿಸಿ ತೋರಿಸಿದಳು. ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ ಕೆಂಪು ಗುಳ್ಳೆ. ಜೊತೆಗೆ ವಾರ್ಡನ್ನರಿಗೆ ಬರೆದ ಅರ್ಜಿ: ‘ನನ್ನ ಕೋಣೆಯ ಹುಡುಗಿಯಿಂದ ನನಗೆ ಕಜ್ಜಿ ಅಂಟಿದೆ, ದಯವಿಟ್ಟು ಆಕೆಯನ್ನು ಬೇರೆ ಎಲ್ಲಾದರೂ ಇರಿಸಿ.’ ಹಾಸ್ಟೆಲಿನ ಕಾಗದದಲ್ಲಿ ಪಾಲಕಿ ಅಂತ ಇರುವುದು ನಾನು. ಸಹಿ ನನ್ನದೇ ಬೇಕು. ಮಾಡುತ್ತೇನೋ ಇಲ್ಲವೋ, ಅದು ಆಮೇಲಿನ ಮಾತು. ಮೊದಲು ನೀವೆಲ್ಲ ಕೂತು ಒಂದು ಭಾನುವಾರದ ಕಥೆ ಕೇಳಬೇಕು.

ಆಗ ನಮ್ಮ ಮನೆ ಗುಡಿಯ ಹಿಂದಿನ ಓಣಿಯಲ್ಲಿತ್ತು. ಕಲ್ಲುಚಪ್ಪಡಿಯ ಅಂಗಳ, ಹಿತ್ತಲಲ್ಲಿ ಬಾವಿ, ನಡುಮನೆಯಲ್ಲಿ ಮಡಿಬಟ್ಟೆ ಒಣಹಾಕಲು ಸೂರಿಗೆ ಕಟ್ಟಿದ ಉದ್ದನೆಯ ಮಡಿಗೋಲು. ಅಪ್ಪ ಬೆಳಗ್ಗೆ ಗುಡಿಯಲ್ಲಿ ಪೂಜೆ ಮಾಡಿ, ಹಣೆಯ ಮುದ್ರೆ ಆರುವ ಮೊದಲೇ ಶಾಲೆಗೆ ಓಡುತ್ತಿದ್ದರು. ನಮ್ಮ ತರಗತಿಯ ಮಾಸ್ತರು ಅವರೇ. ಶನಿವಾರ ಕೊನೆಯ ಗಂಟೆಯಲ್ಲಿ ಚರ್ಚಾಸ್ಪರ್ಧೆ ಇಡುತ್ತಿದ್ದರು. ಅಪ್ಪ ನಮಗೆ ಕಲಿಸಿದ ಮೊದಲ ಪಾಠ ಇದು: ಎದುರಿನವರ ಬಾಯಿಂದ ‘ಎಲ್ಲಾ’, ‘ಯಾರೂ’, ‘ಯಾವಾಗಲೂ’ ಎಂಬ ಮಾತು ಬಂತೋ, ಕಿವಿ ನಿಮಿರಿಸಿ. ಸುಳ್ಳು ಅಡಗಿ ಕೂರುವುದು ಅಲ್ಲೇ.

ಆ ಪಾಠವನ್ನು ನನಗಿಂತ ಚೆನ್ನಾಗಿ ಕಲಿತವಳು ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ. ಊರ ಅಂಚಿನ ಕೇರಿಯಿಂದ ಬರುತ್ತಿದ್ದಳು. ಅವಳ ಅವ್ವ ಬಾಗಲವಾಡದ ಕಡೆಯ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದರು. ಹಳ್ಳಿ ಮೇಲೋ ಪಟ್ಟಣ ಮೇಲೋ ಎಂಬ ಚರ್ಚೆಯಲ್ಲಿ ನಾನು ‘ಹಳ್ಳಿಯಲ್ಲಿ ಎಲ್ಲರೂ ಒಂದೇ ಮನೆಯವರಂತೆ ಇರುತ್ತಾರೆ’ ಅಂದಿದ್ದೆ. ಅವಳು ಎದ್ದು ನಿಂತು, “ಹಂಗಾರ ನಿಮ್ಮ ಬಾವಿ ನೀರು ನಾ ಸೇದಬಹುದೇನು?” ಅಂದಳು. ಇಡೀ ತರಗತಿ ನಕ್ಕಿತು. ಅಪ್ಪ ನಗಲಿಲ್ಲ. ಆ ಶನಿವಾರ ಗೆದ್ದವಳು ಅವಳೇ.

ಈಗ ಅಜ್ಜಿಯ ಬಗ್ಗೆ ಹೇಳಬೇಕು. ಅಪ್ಪನ ಅವ್ವ. ನಮ್ಮ ಮನೆಯ ಮಡಿಯೆಲ್ಲ ಅವರ ಕೈಯಲ್ಲಿತ್ತು. ದೇವರ ನೈವೇದ್ಯ ಅವರೇ ಮಾಡಬೇಕು. ಮಿಂದು ಮಡಿಯುಟ್ಟ ಮೇಲೆ ಹತ್ತಿ ಬಟ್ಟೆ ತೊಟ್ಟ ಯಾರೂ ಅವರನ್ನು ಮುಟ್ಟುವಂತಿಲ್ಲ, ಮೊಮ್ಮಕ್ಕಳೂ ಕೂಡ. ಆದರೆ ಇದಕ್ಕೊಂದು ದಾರಿ ಇತ್ತು. ಅಜ್ಜಿಯ ತವರು ದೇವದುರ್ಗದ ಕಡೆಯ ಮಸರಕಲ್ಲು. ಅಲ್ಲಿಂದ ಮದುವೆಯಲ್ಲಿ ಬಂದ ಒಂದು ಧಾಬಳಿ ಅವರ ಬಳಿ ಇತ್ತು. ಧಾಬಳಿ ಅಂದರೆ ಉಣ್ಣೆಯ ವಸ್ತ್ರ, ಜೇನಿನ ಬಣ್ಣದ್ದು, ಕಂಬಳಿಗಿಂತ ತೆಳು. ಉಣ್ಣೆಗೆ ಮೈಲಿಗೆ ಇಲ್ಲ ಎಂಬುದು ನಮ್ಮ ಮನೆಗಳ ರೂಢಿ. ಹಾಗಾಗಿ ಅದನ್ನು ದಿನವೂ ಒಗೆಯಬೇಕಿಲ್ಲ. ದಿನವೂ ಏನು, ವರ್ಷಕ್ಕೊಮ್ಮೆ ಒಗೆದದ್ದನ್ನೂ ನಾನು ಕಂಡಿಲ್ಲ.

ಧನುರ್ಮಾಸದ ಚಳಿಯಲ್ಲಿ ನಸುಕಿನ ಪೂಜೆಗೆ ಅಜ್ಜಿ ಏಳುತ್ತಿದ್ದರು. ಒದ್ದೆ ಮಡಿಸೀರೆ ಕೋಲಿನ ಮೇಲೆ ಒಣಗುವ ತನಕ ಧಾಬಳಿ ಸುತ್ತಿಕೊಂಡು ಒಲೆ ಹಚ್ಚುತ್ತಿದ್ದರು. ಸೀರೆ ಒಣಗಿದ ಮೇಲೆ ಧಾಬಳಿ ನನ್ನ ಪಾಲು. ಹತ್ತಿಯ ಲಂಗ ತೆಗೆದಿಟ್ಟು, ಬರೀ ಮೈಗೆ ಧಾಬಳಿ ಸುತ್ತಿಕೊಂಡರೆ ನಾನೂ ಮಡಿ. ಆಗ ಅಜ್ಜಿಯ ಪಕ್ಕ ಕೂತು ತುಳಸಿ ಬಿಡಿಸಬಹುದು, ಹುಗ್ಗಿಗೆ ಮೆಣಸು ಕುಟ್ಟಬಹುದು, ಅವರ ತೊಡೆಗೆ ಒರಗಬಹುದು. ಆ ಧಾಬಳಿಯಲ್ಲಿ ತುಪ್ಪದ ಹೊಗೆಯ ವಾಸನೆ, ಕರ್ಪೂರದ ವಾಸನೆ, ಅಜ್ಜಿಯ ವಾಸನೆ ಎಲ್ಲ ಇತ್ತು. ಅಜ್ಜಿಯನ್ನು ಮುಟ್ಟಲು ಸಿಗುತ್ತಿದ್ದ ಆ ಒಂದು ತಾಸಿಗಾಗಿ ನಾನು ಚಳಿಯಲ್ಲಿ ಹಲ್ಲು ಕಟಕಟ ಅನ್ನುತ್ತಿದ್ದರೂ ಎದ್ದು ಬರುತ್ತಿದ್ದೆ.

ಆ ವರ್ಷ ಧನುರ್ಮಾಸ ಶುರುವಾಗುವ ಹೊತ್ತಿಗೆ ನನ್ನ ಬೆರಳ ಸಂದಿಯಲ್ಲಿ ತುರಿಕೆ ಎದ್ದಿತು. ಹಗಲು ಹೇಗೋ ತಡೆಯುತ್ತಿದ್ದೆ, ಹಾಸಿಗೆಯ ಮೇಲೆ ಬಿದ್ದರೆ ಮೈಯೆಲ್ಲ ಬೆಂಕಿ. ಮಣಿಕಟ್ಟು, ಸೊಂಟ, ಕಂಕುಳು ಎಲ್ಲ ಕಡೆ ಸಣ್ಣ ಗುಳ್ಳೆ. ಅವ್ವ ಬೇವಿನೆಲೆ ಕುದಿಸಿ ಮೀಯಿಸಿದರು. ಒಂದು ತಾಸು ಹಾಯೆನಿಸಿತು, ಅಷ್ಟೇ. ಅಜ್ಜಿ ದೂರದಿಂದಲೇ ನೋಡಿ, “ಕಜ್ಜಿನ ಅದು. ಸಾಲ್ಯಾಗ ಯಾರ ಬಾಜೂಕ ಕೂಡ್ತೀ ನೀ?” ಅಂದರು. ನಾನು ಗೆಳತಿಯ ಹೆಸರು ಹೇಳಿದೆ. ಅವಳ ಕೈಯಲ್ಲೂ ಗುಳ್ಳೆ ಇದ್ದವು, ನಿಜ. ಅಜ್ಜಿ ಅಪ್ಪನ ಕಡೆ ತಿರುಗಿ, “ಕೇಳ್ದಿ ಇಲ್ಲೋ? ಇನ್ನೇನು ಪುರಾವಿ ಬೇಕು ನಿನಗ?” ಅಂದರು.

ಚರ್ಚೆಯಲ್ಲಿ ಪುರಾವೆ ಕೇಳುವ ಅಪ್ಪ ಅವತ್ತು ಕೇಳಲಿಲ್ಲ. ಮರುದಿನ ಶಾಲೆಯಲ್ಲಿ ಗೆಳತಿಯನ್ನು ನನ್ನ ಬೆಂಚಿನಿಂದ ಎಬ್ಬಿಸಿ, ಹಿಂದಿನ ಮೂಲೆಯಲ್ಲಿ ಗೋಣಿತಟ್ಟು ಹಾಸಿ ಕೂರಿಸಿದರು. ಬೈಯಲಿಲ್ಲ, ‘ವಾಸಿಯಾಗೋ ತನಕ’ ಎಂದು ಮೆಲ್ಲಗೆ ಹೇಳಿದರು. ಮೆಲ್ಲಗೆ ಹೇಳಿದರೂ ಮೂಲೆ ಮೂಲೆಯೇ. ಅವಳು ನಾಲ್ಕು ದಿನ ಅಲ್ಲಿ ಕೂತಳು. ಐದನೆಯ ದಿನ ಬರಲಿಲ್ಲ. ಅವ್ವನ ಜೊತೆ ಹತ್ತಿ ಬಿಡಿಸಲು ಹೋಗುತ್ತಿದ್ದಾಳೆ ಎಂದು ಯಾರೋ ಹೇಳಿದರು.

ಇತ್ತ ಅಪ್ಪ ನನ್ನನ್ನು ದವಾಖಾನೆಗೆ ಕರೆದುಕೊಂಡು ಹೋಗಿ ಒಂದು ಬಾಟಲಿ ಔಷಧಿ ತಂದರು. ಹಾಲಿನಂತೆ ಬೆಳ್ಳಗೆ, ಮೂಗಿಗೆ ಘಾಟು. ಕುತ್ತಿಗೆಯಿಂದ ಅಂಗಾಲಿನ ತನಕ ಹಚ್ಚಬೇಕು, ಮನೆಯವರೆಲ್ಲ ಒಂದೇ ದಿನ ಹಚ್ಚಬೇಕು, ತೊಟ್ಟ ಬಟ್ಟೆ ಹಾಸಿದ ಬಟ್ಟೆ ಎಲ್ಲ ಕುದಿಸಬೇಕು ಎಂದು ಡಾಕ್ಟರು ಹೇಳಿದ್ದರು. ತುರಿಸಿ ತುರಿಸಿ ಗಾಯವಾದ ಜಾಗದಲ್ಲಿ ಅದು ಹತ್ತಿದರೆ, ಯಪ್ಪಾ, ಮೆಣಸಿನಪುಡಿ ಎರಚಿದ ಹಾಗೆ. ನಾನು ಅಂಗಳದ ತುಂಬ ಕುಣಿದೆ. ಅಪ್ಪ, ಅವ್ವ, ಅಕ್ಕ ಮೂವರೂ ಹಚ್ಚಿಕೊಂಡರು. ಹತ್ತು ದಿನ ಚೆನ್ನಾಗಿತ್ತು. ಆಮೇಲೆ ಮತ್ತೆ ಹೊಸ ಗುಳ್ಳೆ. ಮತ್ತೆ ಬಾಟಲಿ, ಮತ್ತೆ ಕುಣಿತ. ಮತ್ತೆ ತುರಿಕೆ.

ಆಗ ನನ್ನ ತಲೆಯಲ್ಲಿ ಒಂದು ಹುಳ ಹೊಕ್ಕಿತು, ಚರ್ಮದ ಹುಳಕ್ಕಿಂತ ಜಾಸ್ತಿ ಕೊರೆಯುವಂಥದ್ದು. ಕಜ್ಜಿ ಬಂದದ್ದು ಗೆಳತಿಯಿಂದ ಎಂದಾದರೆ, ಅವಳು ಶಾಲೆ ಬಿಟ್ಟು ಇಷ್ಟು ದಿನವಾದ ಮೇಲೂ ಅದು ಮತ್ತೆ ಮತ್ತೆ ಹೇಗೆ ಬರುತ್ತಿದೆ? ಅವಳು ಗಾಳಿಯಲ್ಲಿ ಕಳಿಸುತ್ತಿದ್ದಾಳೆಯೇ?

ಅಷ್ಟರಲ್ಲಿ ಒಂದು ಶನಿವಾರ ಊಟಕ್ಕೆ ಕೂತಾಗ ಅಪ್ಪ ಅವ್ವನಿಗೆ ಹೇಳುತ್ತಿದ್ದದ್ದು ಕೇಳಿಸಿತು. “ಆ ಹುಡುಗಿ ಸಂಕ್ರಾಂತಿ ಒಳಗ ಬರಲಿಲ್ಲಂದ್ರ ಹೆಡ್‌ಮಾಸ್ತರು ಹೆಸರು ಹೊಡೀತಾರ. ಶ್ಯಾಣ್ಯಾ ಹುಡುಗಿ. ಪಾಪ.” ಸಂಕ್ರಾಂತಿಗೆ ಉಳಿದಿದ್ದದ್ದು ಒಂದೇ ವಾರ. ‘ಪಾಪ’ ಅಂದರೆ ಮುಗಿಯಿತೇ?

ಮರುದಿನ ಭಾನುವಾರ. ಹೊತ್ತು ಏರುವ ಮೊದಲೇ, ಯಾರಿಗೂ ಹೇಳದೆ ನಾನು ಕೇರಿಗೆ ಹೋದೆ. ಗೆಳತಿಯ ಮನೆಯ ಮುಂದಿನ ಬೇಲಿಯ ಮೇಲೆ ಕೌದಿಗಳು ಒಣಗುತ್ತಿದ್ದವು. ಹತ್ತಿ ಕಟ್ಟಿಗೆಯ ಒಲೆಯ ಮೇಲೆ ದೊಡ್ಡ ಹಂಡೆ ಇತ್ತು. ಗೆಳತಿ ಅಂಗಳ ಗುಡಿಸುತ್ತಿದ್ದಳು. ನನ್ನನ್ನು ನೋಡಿ ಕಸಬರಿಗೆ ನಿಲ್ಲಿಸಿದಳು, ನಗಲಿಲ್ಲ.

“ಯಾಕ ಬಂದೀ? ನಿಮ್ಮಜ್ಜಿ ಬೈಯಂಗಿಲ್ಲೇನು?”

“ನಿನ್ನ ಕಜ್ಜಿ ಹೆಂಗದ, ನೋಡಾಕ ಬಂದೆ,” ಅಂದೆ.

ಅವಳು ಎರಡೂ ಕೈ ಚಾಚಿದಳು. ಬೆರಳ ಸಂದಿ ಸ್ವಚ್ಛವಾಗಿತ್ತು. ಹಳೆಯ ಕಲೆ ಬಿಟ್ಟರೆ ಏನೂ ಇಲ್ಲ. ನಾನು ನನ್ನ ಕೈ ಚಾಚಿದೆ. ಅವಳ ಹುಬ್ಬು ಮೇಲೇರಿತು. “ಅಯ್ಯ! ನಿನಗಿನ್ನೂ ಅದಲ್ಲ!”

ಒಳಗಿಂದ ಅವಳ ಅವ್ವ ಬಂದು ಬಾಗಿಲಲ್ಲಿ ಕೂತರು. “ದವಾಖಾನಿ ನರ್ಸಬಾಯಿ ಬಂದಿದ್ಳವ್ವ ನಮ್ಮ ಓಣಿಗೆ. ಬೆನ್ನು ಬಿಡಲಿಲ್ಲ ಪುಣ್ಯಾತಗಿತ್ತಿ. ಮುದುಕಿ, ಕೂಸು, ಗಂಡಸ್ರು, ಒಬ್ಬೊಬ್ರನ್ನ ನಿಂದ್ರಿಸಿ ಹಚ್ಚಸಿದ್ಳು. ನಮ್ಮ ಮಾವ ‘ನನಗ ತುರಸಂಗಿಲ್ಲ, ನಾ ಯಾಕ ಹಚ್ಚಿಗೋಬೇಕು’ ಅಂದ. ‘ಯಜ್ಜಾ, ನಿನಗ ತುರಸಂಗಿಲ್ಲ, ಹುಳಕ್ಕ ಅದು ಗೊತ್ತಿಲ್ಲ’ ಅಂದ್ಳು ನೋಡು! ಕೌದಿ ಎಲ್ಲಾ ಕುದಿಸಿದ್ವಿ. ವಾರ ಬಿಟ್ಟು ಮತ್ತೊಂದು ಸಲ ಹಚ್ಚಿದ್ವಿ. ಹೋತು.”

“ನಾವೂ ಎಲ್ಲಾರೂ ಹಚ್ಚಿಗೊಂಡೀವಿ, ಎಲ್ಲಾ ಅರಬಿ ಕುದಿಸೀವಿ. ಆದ್ರೂ ಹೋಗವಲ್ದು,” ಅಂದೆ.

ಗೆಳತಿ ಕಸಬರಿಗೆಯನ್ನು ನೆಲಕ್ಕೆ ಹಾಕಿ ಸೊಂಟದ ಮೇಲೆ ಕೈ ಇಟ್ಟಳು. ಶನಿವಾರದ ಕೊನೆಯ ಗಂಟೆಯಲ್ಲಿ ನಿಲ್ಲುತ್ತಿದ್ದ ಹಾಗೆಯೇ. “ಎಲ್ಲಾರೂ ಅಂದ್ರ ಯಾರ್‍ಯಾರು?”

“ಅಪ್ಪ, ಅವ್ವ, ಅಕ್ಕ, ನಾನು.”

“ನಿಮ್ಮಜ್ಜಿ?”

“ಅಜ್ಜಿದು ಮಡಿ. ದವಾಖಾನಿ ಔಷಧ ಮುಟ್ಟಂಗಿಲ್ಲ.”

“ಎಲ್ಲಾ ಅರಬಿ ಅಂದ್ರ?”

“ಎಲ್ಲಾ. ಧಾಬಳಿ ಬಿಟ್ಟು. ಅದಕ್ಕ ಮೈಲಿಗಿ ಇಲ್ಲ...” ಅನ್ನುತ್ತ ಅನ್ನುತ್ತಲೇ ನನ್ನ ಮಾತು ನಿಂತಿತು. ದಿನವೂ ನಸುಕಿನಲ್ಲಿ ಬರೀ ಮೈಗೆ ನಾನು ಸುತ್ತಿಕೊಳ್ಳುತ್ತಿದ್ದದ್ದು ಯಾವುದನ್ನು?

ಗೆಳತಿ ತಲೆ ಅಲ್ಲಾಡಿಸಿದಳು. “ಅಜ್ಜಿ ಬಿಟ್ಟು, ಧಾಬಳಿ ಬಿಟ್ಟು. ಅದಕ್ಕ ಎಲ್ಲಾ ಅಂತೀ. ನಿಮ್ಮಪ್ಪ ಕಲಿಸಿದ್ದು ನಾ ನೆನಪಿಟ್ಟೀನಿ. ಮಗಳಾಗಿ ನೀನ ಮರತೀ.”

ಅವಳ ಅವ್ವ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ನನಗೆ ನಗು ಬರಲಿಲ್ಲ. “ನೀ ನಾಳಿ ಸಾಲಿಗೆ ಬಾ,” ಅಂದೆ. ಅವಳು ಮತ್ತೆ ಕಸಬರಿಗೆ ಎತ್ತಿಕೊಂಡಳು. “ಮೂಲ್ಯಾಗ ಕುಂದರಾಕ? ಒಲ್ಲೆ.”

ಮನೆಗೆ ಬರುವ ದಾರಿಯುದ್ದಕ್ಕೂ ನಾನು ವಾದ ಜೋಡಿಸಿಕೊಂಡೆ. ಸಂಕ್ರಾಂತಿಯೊಳಗೆ ಅವಳು ಮರಳಿ ನನ್ನ ಬೆಂಚಿಗೆ ಬರಬೇಕು. ಅದಕ್ಕೆ ಅಪ್ಪ ಹೋಗಿ ಕರೆಯಬೇಕು. ಅಪ್ಪ ಕರೆಯಬೇಕಾದರೆ ತಪ್ಪು ಅವಳದಲ್ಲ ಎಂದು ತೋರಿಸಬೇಕು. ತೋರಿಸಬೇಕಾದರೆ ಎದುರು ನಿಲ್ಲುವುದು ಅಜ್ಜಿ.

ನೈವೇದ್ಯ ಮುಗಿದಿತ್ತು. ಅಜ್ಜಿ ಅಡುಗೆಮನೆಯ ಹೊಸ್ತಿಲೊಳಗೆ ಕೂತಿದ್ದರು, ಅಪ್ಪ ನಡುಮನೆಯಲ್ಲಿ ಪಂಚಾಂಗ ನೋಡುತ್ತಿದ್ದರು. ನಾನು ನಡುವೆ ನಿಂತು ಹೇಳಿಬಿಟ್ಟೆ. “ನನಗ ಕಜ್ಜಿ ಆಕಿಂದ ಬರ್ಲಿಕತ್ತಿಲ್ಲ. ಧಾಬಳಿಂದ ಬರ್ಲಿಕತ್ತದ.”

ಅಜ್ಜಿಯ ಮುಖ ಕೆಂಪಾಯಿತು. “ಏನಂದಿಬೇ? ನನ್ನ ಧಾಬಳಿಗೆ ಕಜ್ಜಿ? ಉಣ್ಣಿಗೆ ಮೈಲಿಗಿ ಇಲ್ಲ ಅಂತ ನಮ್ಮ ಹಿರಿಯರು ಸುಮ್ಮ ಹೇಳ್ಯಾರೇನು?”

“ಮೈಲಿಗಿ ಇಲ್ಲ ಅಂತ ಹೇಳ್ಯಾರ. ಹುಳಾ ಇಲ್ಲ ಅಂತ ಹೇಳಿಲ್ಲ. ಹುಳಾ ಏನು ಮಡಿ ಕೇಳಿ ಹತ್ತತದೇನು?”

“ಕೇಳೋ, ನಿನ್ನ ಮಗಳ ಬಾಯಿ ಕೇಳು! ಮಾತಾಡಾಕ ಕಲಿಸಿದಿ, ಈಗ ಉಣ್ಣು!”

ಅಪ್ಪ ಪಂಚಾಂಗ ಮಡಚಿದರು. ನಾನು ಬಿಡಲಿಲ್ಲ. ಗೆಳತಿ ಎಷ್ಟು ದಿನದಿಂದ ನನ್ನ ಹತ್ತಿರವೇ ಬಂದಿಲ್ಲ ಎಂದು ಹೇಳಿದೆ. ಅವರ ಮನೆಯಲ್ಲಿ ಮುದುಕರಿಂದ ಕೂಸಿನ ತನಕ ಹಚ್ಚಿಕೊಂಡದ್ದು, ಅವಳ ಕೈ ಸ್ವಚ್ಛವಾಗಿರುವುದು, ನಮ್ಮ ಮನೆಯಲ್ಲಿ ಬಿಟ್ಟುಹೋದದ್ದು ಎರಡೇ ಎಂಬುದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಕೊನೆಗೆ, “ಅಪ್ಪಾ, ಪುರಾವಿ ಇಲ್ದ ಮಾತು ಒಪ್ಪಬ್ಯಾಡ ಅಂತ ನಮಗ ಕಲಿಸಿದಿ. ಆಕಿನ್ನ ಮೂಲ್ಯಾಗ ಕೂಡಿಸೋ ಮುಂದ ಯಾವ ಪುರಾವಿ ನೋಡಿದಿ?” ಅಂದೆ.

ಹಿತ್ತಲಲ್ಲಿ ಬಾವಿಯ ರಾಟೆ ನಿಂತಿತು. ಅಕ್ಕ ಕೊಡ ಹಿಡಿದುಕೊಂಡೇ ಕಿವಿಗೊಟ್ಟಿದ್ದಳು. ಅಪ್ಪ ಎದ್ದು ಹೊಸ್ತಿಲ ಹತ್ತಿರ ಹೋದರು. “ಅವ್ವಾ, ಕೈ ತೋರಿಸು.”

ಅಜ್ಜಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. “ದೇವರ ಪಾತ್ರಿ ಹುಣಸಿಹಣ್ಣಿನ್ಯಾಗ ತಿಕ್ಕಿ ತಿಕ್ಕಿ ಒಡದಾವ. ಅದನ್ನೇನು ನೋಡ್ತಿ?”

“ಅವ್ವಾ.”

ಕೈ ಹೊರಗೆ ಬಂತು. ಬೆರಳ ಸಂದಿಯಲ್ಲಿ ನನ್ನದೇ ಗುಳ್ಳೆಗಳು. ಮಣಿಕಟ್ಟಿನ ಚರ್ಮ ತುರಿಸಿ ತುರಿಸಿ ದಪ್ಪಗಾಗಿ, ಗಾಯದ ಹಕ್ಕಳೆ ಕಟ್ಟಿತ್ತು. ನನಗಿಂತ ಎಷ್ಟೋ ಜಾಸ್ತಿ. ಗೆದ್ದೆ ಅನ್ನಿಸಬೇಕಿತ್ತು ನನಗೆ. ಅನ್ನಿಸಲಿಲ್ಲ. ಇಷ್ಟನ್ನೂ ಇಟ್ಟುಕೊಂಡು ಅಜ್ಜಿ ಹೇಗೆ ಸುಮ್ಮನಿದ್ದರು?

“ಹೇಳಿದ್ರ ನೈವೇದ್ಯ ಮಾಡಾಕ ಬಿಡ್ತಿದ್ರೇನು ನೀವು?” ಅಜ್ಜಿಯ ದನಿ ಸಣ್ಣಗಾಗಿತ್ತು. “ಧನುರ್ಮಾಸ. ಇಷ್ಟು ವರ್ಷದಾಗ ಒಂದು ದಿನ ತಪ್ಪಿಸಿಲ್ಲ ನಾ.”

ಆಗ ಅರ್ಥವಾಯಿತು. ಗೆಳತಿಗೆ ನಾವು ಕೊಟ್ಟ ಮೂಲೆಗೇ ಅಜ್ಜಿ ಹೆದರಿದ್ದರು.

ಅಪ್ಪ ಆ ಮಧ್ಯಾಹ್ನವೇ ನರ್ಸಬಾಯಿಯನ್ನು ಕರೆತಂದರು. ಗಟ್ಟಿ ಹೆಂಗಸು, ಕೊಡೆ ಮಡಚುತ್ತಲೇ ಒಳಬಂದರು. ಅಜ್ಜಿಯ ಕೈ ನೋಡಿ, ಧಾಬಳಿ ನೋಡಿ, “ಮನ್ಯಾಗ ಕಳ್ಳನ್ನ ಇಟಗೊಂಡು ಊರೆಲ್ಲಾ ಹುಡಿಕ್ಯಾರ ನೋಡ್ರಿ,” ಅಂದರು. ಅಜ್ಜಿಗೆ ಇನ್ನೂ ಒಂದು ಹಟ ಉಳಿದಿತ್ತು. “ಅದೆಲ್ಲಾ ಇರಲವ್ವ, ಮೊದಲ ಬಂದದ್ದು ಯಾರಿಂದ, ಅದನ್ನ ಹೇಳು. ಆ ಹುಡುಗಿಂದನ ಹೌದಲ್ಲೋ?”

“ಯಾರಿಗ್ಗೊತ್ತದರಿ? ಮೊದಲನೇ ಸಲ ಹತ್ತಿದಾಗ ತುರಿಕಿ ಏಳಾಕ ತಿಂಗಳಾನ ಹಿಡೀತದ. ಮೊದಲ ತುರಿಸಿಗೊಂಡಾಕಿನ ಮೊದಲ ತಂದಾಕಿ ಅಂತ ಹೇಳಾಕ ಬರಂಗಿಲ್ಲ. ನಿಮ್ಮಿಂದ ಈ ಹುಡುಗಿಗೆ, ಈ ಹುಡುಗಿಂದ ಆ ಹುಡುಗಿಗೆ ಹೋಗಿರಬಹುದು. ಉಲ್ಟಾನೂ ಆಗಿರಬಹುದು. ಯಾರಿಂದ ಬಂತು ಅನ್ನೂದಕ್ಕ ನನ್ನ ಹತ್ರ ಉತ್ತರ ಇಲ್ಲ. ಯಾಕ ಹೋಗವಲ್ದು ಅನ್ನೂದಕ್ಕ ಅದ.”

ಧಾಬಳಿ ಕುದಿಸಿದರೆ ಉಣ್ಣೆ ಕುಗ್ಗಿ ಗೊಂಬೆಗೆ ಅಂಗಿಯಾದೀತು ಎಂದು ನಕ್ಕು, ಅದನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಎಂಟು ದಿನ ಯಾರೂ ಮುಟ್ಟದ ಹಾಗೆ ಇಡಲು ಹೇಳಿದರು. ಮನುಷ್ಯರ ಮೈ ಸಿಗದಿದ್ದರೆ ಆ ಹುಳಗಳು ಹೆಚ್ಚು ದಿನ ಬದುಕುವುದಿಲ್ಲವಂತೆ. ಔಷಧಿ ಎಲ್ಲರೂ ಒಂದೇ ಹೊತ್ತಿಗೆ, ವಾರ ಬಿಟ್ಟು ಮತ್ತೊಮ್ಮೆ. ಹುಳ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಇರುತ್ತದೆ, ಅದಕ್ಕೆ ಹೆದರಿ ದಿನವೂ ಹಚ್ಚಬಾರದು ಎಂದೂ ಹೇಳಿಹೋದರು.

ಅಜ್ಜಿ ಬಾಟಲಿಯನ್ನು ದೂರದಿಂದ ನೋಡುತ್ತ ಕೂತಿದ್ದರು. ನಾನು ಅಂದೆ, “ಔಷಧ ಅಂದ್ರ ಗಂಗಿ ನೀರು ಇದ್ದಂಗ ಅಂತ ಕಷಾಯ ಕುಡಿಸೋ ಮುಂದ ನೀನ ಹೇಳ್ತಿದ್ದಿ. ಅದು ನನಗಷ್ಟನ ಏನು?”

ಅಜ್ಜಿ ನನ್ನನ್ನು ದಿಟ್ಟಿಸಿದರು. ತುಟಿಯ ಮೂಲೆಯಲ್ಲಿ ಏನೋ ಅಲುಗಿತು. “ವಕೀಲರ ಮನಿಗೆ ಕೊಡಬೇಕು ನಿನ್ನ. ನನ್ನ ಬೆನ್ನಿಗೆ ಕೈ ಮುಟ್ಟಂಗಿಲ್ಲ. ಬಾ, ಹಚ್ಚು.”

“ಧಾಬಳಿ ಚೀಲದಾಗ ಅದ ಅಜ್ಜಿ. ನಾ ಮಡಿ ಇಲ್ಲ.”

“ಗೊತ್ತದ. ಬಾ.”

ಹತ್ತಿಯ ಲಂಗ ತೊಟ್ಟುಕೊಂಡೇ ನಾನು ಅಜ್ಜಿಯ ಬೆನ್ನು ಮುಟ್ಟಿದೆ. ಮಧ್ಯಾಹ್ನದ ಬಿಸಿಲು ಹಿತ್ತಲಿನ ಕಿಟಕಿಯಿಂದ ಬೀಳುತ್ತಿತ್ತು. ಮುದಿ ಬೆನ್ನು ಹಳೆಯ ಕಾಗದದಷ್ಟು ತೆಳುವಾಗಿತ್ತು. ಔಷಧಿ ಗಾಯಕ್ಕೆ ತಗಲಿದಾಗ ಅವರು ‘ಶ್’ ಎಂದು ಉಸಿರೆಳೆದರು, ಕುಣಿಯಲಿಲ್ಲ. ಮರುದಿನ ನಸುಕಿನಲ್ಲಿ ಮಿಂದು, ಔಷಧಿ ತೊಳೆದುಕೊಂಡು, ಮತ್ತೆ ಮಡಿಯುಟ್ಟರು. ಚಳಿಯಲ್ಲಿ ಎಂಟು ದಿನ ಒದ್ದೆ ಸೀರೆಯಲ್ಲೇ ಒಲೆ ಹಚ್ಚಿದರು. ನೈವೇದ್ಯ ತಪ್ಪಲಿಲ್ಲ. ವಾಸಿಯಾಗುವ ತನಕ ಅವ್ವ ಹುಗ್ಗಿ ಕಲಸಿದರು, ಅಜ್ಜಿ ಪಕ್ಕದಲ್ಲಿ ಕೂತು ‘ಉಪ್ಪು ಹಾಕಿದೇನು, ಮೆಣಸು ಹಾಕಿದೇನು’ ಎಂದು ಜೀವ ತಿಂದರು.

ಮರುದಿನ ಬೆಳಗ್ಗೆ ಅಪ್ಪ ಶಾಲೆಯ ದಾರಿ ಬಿಟ್ಟು ಕೇರಿಯ ದಾರಿ ಹಿಡಿದರು. ನಾನು ಹಿಂದೆ ಓಡಿದೆ. ಅಪ್ಪ ಆ ಓಣಿಯೊಳಗೆ ಕಾಲಿಟ್ಟದ್ದನ್ನು ಅವತ್ತೇ ಮೊದಲು ನೋಡಿದ್ದು. ಗೆಳತಿಯ ಅವ್ವ ಗಾಬರಿಯಾಗಿ ಹೊರಬಂದರು.

“ಯಾಕ್ರೀ ಮಾಸ್ತರ? ಹುಡುಗಿ ಏನರ ತಪ್ಪು ಮಾಡ್ಯಾಳೇನ್ರಿ?”

“ಆಕಿ ಮಾಡಿಲ್ಲವ್ವ. ನಾ ಮಾಡೀನಿ. ಸಾಲಿಗೆ ಕಳಸ್ರಿ.”

ಆಕೆ ಅಪ್ಪನ ಮುಖವನ್ನೇ ನೋಡಿದರು. “ಕಳಸ್ತೀನ್ರಿ. ಆದ್ರ ಮೂಲ್ಯಾಗ ಕುಂದ್ರಸಬ್ಯಾಡ್ರಿ. ಅಲ್ಲಿ ಕುಂತು ಬಂದು ನಾಕು ದಿನ ಆಕಿ ಊಟ ಮಾಡಿಲ್ಲ.”

ಗೆಳತಿ ಬಂದಳು. ಪಾಟಿಚೀಲ ಹೆಗಲಿಗೇರಿಸಿ ತರಗತಿಯೊಳಗೆ ನಡೆದಳು. ನಾನು ಬೆಂಚಿನಲ್ಲಿ ಸರಿದು ಜಾಗ ಮಾಡಿದೆ. ಅವಳು ಕೂಡಲೇ ಕೂರಲಿಲ್ಲ. ಅಪ್ಪನ ಕಡೆ ತಿರುಗಿ, ಎಲ್ಲರೂ ಕೇಳುವ ಹಾಗೆ, ಕೈ ಕಟ್ಟಿಕೊಂಡು ವಿನಯದಿಂದಲೇ ಕೇಳಿದಳು: “ಸರ, ನನಗ ಕಜ್ಜಿ ಇದ್ದಾಗ ಮೂಲ್ಯಾಗ ಕುಂದ್ರಿಸಿದ್ರಿ. ಈಕಿಗೂ ಇತ್ತಲ್ರಿ. ಈಕಿನ್ನ ಯಾಕ ಕುಂದ್ರಿಸಲಿಲ್ಲ?”

ಹಿಂದಿನ ದಿನದಿಂದ ನಾನು ಗೆದ್ದ ವಾದವನ್ನೇ ತಲೆಯಲ್ಲಿ ಮೆರೆಸುತ್ತಿದ್ದೆನಲ್ಲ, ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಅಪ್ಪ ಸುಣ್ಣದ ಕಡ್ಡಿ ಕೆಳಗಿಟ್ಟರು. ಮೂಲೆಗೆ ಹೋಗಿ ಆ ಗೋಣಿತಟ್ಟನ್ನು ಸುರುಳಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಹೋದರು. ಸಂಜೆ ನಮ್ಮ ಹಿತ್ತಲಲ್ಲಿ ಅದು ಹಂಡೆಯ ಕೆಳಗೆ ಉರಿಯಿತು. ಅದು ಉತ್ತರವೇ? ಗೊತ್ತಿಲ್ಲ. ಗೆಳತಿ ಈಗ ದೇವದುರ್ಗದಲ್ಲಿದ್ದಾಳೆ, ಶಿಕ್ಷಕಿಯಾಗಿ ನಿವೃತ್ತಳಾಗಿದ್ದಾಳೆ. ಸಿಕ್ಕಾಗೆಲ್ಲ ಇಬ್ಬರೂ ಎಷ್ಟೋ ಮಾತಾಡುತ್ತೇವೆ. ಆ ಪ್ರಶ್ನೆಯನ್ನು ಅವಳು ವಾಪಸ್ ತೆಗೆದುಕೊಂಡಿಲ್ಲ, ತೆಗೆದುಕೋ ಎಂದು ನಾನೂ ಕೇಳಿಲ್ಲ.

ಇನ್ನು ನಿಮ್ಮ ಕಾಲ. ಉರಿಯುವ ಆ ಬಿಳಿ ಔಷಧಿ ಹೋಗಿ, ಉರಿಯದ ಮುಲಾಮು ಬಂದಿದೆ. ಹಂಡೆಯ ಬದಲು ಬಟ್ಟೆ ಒಗೆಯುವ ಮಷಿನ್ನು ಬಂದಿದೆ. ಮೈಮೇಲೆ ಒಂದು ಗುಳ್ಳೆ ಎದ್ದರೆ ಫೋನಿನಲ್ಲಿ ನೂರು ಜನ ಉಪದೇಶ ಹೇಳುತ್ತಾರೆ. ಇವಳ ಚೀಲದ ತಳದಲ್ಲಿ ನಿನ್ನೆ ಒಂದು ಟ್ಯೂಬ್ ಸಿಕ್ಕಿತು. ಚೀಟಿ ಇಲ್ಲದೆ ಮೆಡಿಕಲ್ ಅಂಗಡಿಯಿಂದ ತಂದದ್ದು. ಹಚ್ಚಿದರೆ ತುರಿಕೆ ಎರಡು ದಿನ ತಣ್ಣಗಾಗುತ್ತದೆ, ಆಮೇಲೆ ಇಮ್ಮಡಿಯಾಗುತ್ತದೆ. ಅಂಗಡಿಯವನು ಡಾಕ್ಟರಲ್ಲ, ಮಕ್ಕಳೇ. ಗಜಕರ್ಣಕ್ಕೆ ಹಚ್ಚುವುದನ್ನು ಕಜ್ಜಿಗೆ, ಕಜ್ಜಿಯದನ್ನು ಮೊಡವೆಗೆ ಹಚ್ಚಿ ಮುಖ ಸುಟ್ಟುಕೊಂಡವರನ್ನು ನೋಡಿದ್ದೇನೆ. ನಾಳೆ ಬೆಳಗ್ಗೆ ಇವಳನ್ನು ಚರ್ಮದ ಡಾಕ್ಟರ ಬಳಿಗೆ ಕರೆದುಕೊಂಡು ಹೋಗುತ್ತೇನೆ. ಅವರು ಹೇಳಿದರೆ ಈ ಮನೆಯವರೆಲ್ಲ ಹಚ್ಚಿಕೊಳ್ಳುತ್ತೇವೆ, ನಾನೂ ಸೇರಿ. ಹಾಸ್ಟೆಲಿನ ಆ ಕೋಣೆಯವರೆಲ್ಲ ಅದೇ ದಿನ ಹಚ್ಚಿಕೊಳ್ಳಲಿ ಎಂದು ವಾರ್ಡನ್ನರಿಗೆ ನಾನೇ ಫೋನ್ ಮಾಡುತ್ತೇನೆ. ಅಷ್ಟು ಸುಲಭ ಈಗ. ನಮ್ಮ ಕಾಲದಲ್ಲಿ ಧಾಬಳಿಗೊಂದು ದೊಡ್ಡ ಯುದ್ಧವೇ ಆಗಬೇಕಿತ್ತು.

ಬದಲಾಗದೆ ಉಳಿದದ್ದು ಒಂದೇ. ತುಂಬುತೋಳಿನ ಅಂಗಿ ಮತ್ತು ಅಜ್ಜಿಯ ಸೆರಗು, ಎರಡರ ಕೆಲಸವೂ ಒಂದೇ.

ಅರ್ಜಿ ಇಲ್ಲೇ ಇದೆ. ಪೆನ್ನು ನನ್ನ ಕೈಯಲ್ಲಿದೆ. ಹತ್ತಿರ ಬಾ ಕೂಸೇ, ಎದುರಿಗೆ ಕೂತುಕೋ, ಕೈ ಮುಚ್ಚಿಕೊಳ್ಳಬೇಡ. ಬರೆದ ಅಕ್ಷರ ಚೆನ್ನಾಗಿದೆ, ವಾದವೂ ಗಟ್ಟಿಯಾಗಿದೆ. ನನ್ನದು ಒಂದೇ ಒಂದು ಪ್ರಶ್ನೆ, ಹೇಳಿಬಿಡು, ಸಹಿ ಹಾಕುತ್ತೇನೆ. ಆಕಿಗೊಂದು ಮೂಲಿ ಕೇಳೀದಿ. ನಿನಗೂ ಅದೇ ಕಜ್ಜಿ ಅದ. ನಿನಗ ಯಾವ ಮೂಲಿ ಅಂತ ಬರೀಲಿ?